ಎಂಟರ್ ಕೀ ಕೆಳಗಿನ ಅಕ್ಷತೆ

ಎಂಟರ್ ಕೀ ಕೆಳಗೆ ಒಂದೂವರೆ ಅಕ್ಷತೆ ಕಾಳು ಇತ್ತು. ಒಂದು ಇಡಿಯದು, ಇನ್ನೊಂದು ಅರ್ಧಕ್ಕೆ ಮುರಿದದ್ದು. ಅರಿಶಿನ ಮಾಸಿ ಎರಡೂ ಕಂದು ಬಣ್ಣಕ್ಕೆ ತಿರುಗಿದ್ದವು. ಚಿಮಟದಲ್ಲಿ ಹಿಡಿದು ತೆಗೆದು ಒಂದು ಖಾಲಿ ಮಾತ್ರೆ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಉಳಿದ ಕೀಗಳ ಸಂದಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಕೆರೆದು ತೆಗೆಯಲು ಎರಡು ಸಂಜೆ ಬೇಕಾಯಿತು.

ಆ ಕಂಪ್ಯೂಟರನ್ನು ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿಯಿಂದ ತಂದಿದ್ದೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಆಫೀಸುಗಳಲ್ಲಿ ಬಳಸುತ್ತಿದ್ದ ಜಾತಿಯದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಅಂಗೈಗಿಂತ ಅಗಲದ ಫ್ಲಾಪಿ, ಇಟ್ಟಿಗೆಯಷ್ಟು ಭಾರದ ಹಾರ್ಡ್ ಡಿಸ್ಕ್. ಆ ಡಿಸ್ಕಿನಲ್ಲಿ ನನ್ನ ಫೋನಿನ ನಾಲ್ಕೈದು ಫೋಟೋ ಹಿಡಿಸಿದರೆ ಹೆಚ್ಚು. ಅಂಗಡಿಯವನು ಅದನ್ನು ತಕ್ಕಡಿಯ ಮೇಲೆ ಇಡುತ್ತಾ, “ಆನ್ ಆದ್ರೆ ನಿಮ್ದು ಮೇಡಂ, ಆಗ್ಲಿಲ್ಲ ಅಂದ್ರೂ ನಿಮ್ದೇ” ಎಂದಿದ್ದ. ಕಡಕೊಳದ ಕಡೆ ಮುಚ್ಚಿಹೋದ ಒಂದು ಕಾರ್ಖಾನೆಯ ಗೋದಾಮು ಖಾಲಿ ಮಾಡಿಸಿದಾಗ ಬಂದದ್ದಂತೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ.

ಇದು ಯಾಕೆ ಬೇಕಿತ್ತು ಎಂದು ಕೇಳಿದವರಿಗೆ ನಾನು ಸರಿಯಾದ ಉತ್ತರ ಕೊಟ್ಟಿಲ್ಲ. ಓದಿದ್ದು ಸಂಖ್ಯಾಶಾಸ್ತ್ರ. ಬೇರೆಯವರು ಮಾಡಿದ ಕೋಷ್ಟಕಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ದಿನವಿಡೀ ನೋಡುವ ಪರದೆಯ ಹಿಂದೆ ಏನು ನಡೆಯುತ್ತದೆಂದು ನನಗೆ ಗೊತ್ತಿಲ್ಲ. ಈ ಹಳೇ ಯಂತ್ರದಲ್ಲಾದರೆ ಪ್ರತಿ ತಂತಿಯನ್ನೂ ಬೆರಳಿಟ್ಟು ಹಿಂಬಾಲಿಸಬಹುದು. ವಿಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅದನ್ನು ಇಳಿಸಿದಾಗ ಅಮ್ಮ ಬಾಗಿಲಲ್ಲೇ ನಿಂತು ನೋಡಿದರು.

“ಗುಜರಿಯವರು ಮನೆಯಿಂದ ಸಾಮಾನು ತಗೊಂಡು ಹೋಗ್ತಾರೆ ಕಣೇ. ನೀನು ಅವರ ಅಂಗಡಿಯಿಂದ ತರ್ತೀಯ.”

ಮೊದಲ ಸಲ ಸ್ವಿಚ್ ಹಾಕಿದಾಗ ಹೊಗೆ ಬಂತು. ಸುಟ್ಟ ಮೀನಿನಂಥ ವಾಸನೆ. ಅಮ್ಮ ಮನೆಯ ಕಿಟಕಿಗಳನ್ನೆಲ್ಲ ತೆರೆದರು. ವಿದ್ಯುತ್ ಪೆಟ್ಟಿಗೆಯೊಳಗೆ ಕೆಪಾಸಿಟರ್‌ಗಳು ಉಬ್ಬಿ ಒಡೆದಿದ್ದವು. ಅವನ್ನು ಬಿಚ್ಚಿ, ಅಳತೆ ಬರೆದುಕೊಂಡು, ಹೊಸವನ್ನು ತಂದು ಬೆಸುಗೆ ಹಾಕಿದೆ. ಮೂರನೇ ಭಾನುವಾರ ಫ್ಯಾನ್ ತಿರುಗಿತು. ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಮಿನುಗಿ ನಿಂತಿತು. ಯಂತ್ರ ಬದುಕಿತ್ತು, ಆದರೆ ಹಾರ್ಡ್ ಡಿಸ್ಕ್ ತಿರುಗುತ್ತಿರಲಿಲ್ಲ. ಅದರ ಗೋಜಿಗೆ ಹೋಗದೆ ಫ್ಲಾಪಿಯಿಂದಲೇ ಓಡಿಸೋಣವೆಂದುಕೊಂಡೆ. ಆದರೆ ಆ ಅಗಲದ ಫ್ಲಾಪಿ ಈಗ ಎಲ್ಲಿ ಸಿಗಬೇಕು?

ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಿದೆ. ಅಲ್ಲಿಯವರು ಯಾವ ಹಳೇ ಸಾಮಾನನ್ನೂ ಬಿಸಾಡುವುದಿಲ್ಲವೆಂದು ಅಮ್ಮ ಹೇಳಿದರು. ನಡುವಯಸ್ಸು ದಾಟಿದ ಹೆಂಗಸು, ಒಬ್ಬರೇ ನಡೆಸುತ್ತಾರೆ. ನಾನು ಹೋದಾಗ ಒಬ್ಬ ರೈತರು ಎದುರಿನ ಸ್ಟೂಲಿನ ಮೇಲೆ ಕೂತು, ಖಾತೆ ಬದಲಾವಣೆಯ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಲ್ಲಿಯ ಪದ್ಧತಿ ಅದು. ಬರೆದು ತಂದದ್ದನ್ನು ಗಿರಾಕಿಯೇ ಓದಬೇಕು, ಆಕೆ ಕೇಳಿಸಿಕೊಂಡು ಟೈಪ್ ಮಾಡುತ್ತಾರೆ. ಕೀಬೋರ್ಡನ್ನೂ ನೋಡುವುದಿಲ್ಲ, ಓದುವವರ ಮುಖವನ್ನೂ ನೋಡುವುದಿಲ್ಲ. ಪ್ರತಿ ಸಾಲು ಮುಗಿದಾಗ “ಮುಂದೆ” ಅನ್ನುತ್ತಾರೆ, ಅಷ್ಟೆ.

“ನಿಮ್ಮ ಅಕ್ಷರ ನಿಮಗೇ ಗೊತ್ತಾಗಬೇಕು, ನಂಗೆ ಎಲ್ಲಿ ಗೊತ್ತಾಗುತ್ತೆ” ಎಂದು ಆ ರೈತರಿಗೆ ಹೇಳಿ, ನನ್ನ ಕಡೆ ತಿರುಗಿದರು. “ಹೇಳಿ ಮೇಡಂ.”

ನನಗೆ ಬೇಕಾದದ್ದನ್ನು ಹೇಳಿದೆ. ಅವರು ನಕ್ಕರು.

“ಅಗಲದ ಫ್ಲಾಪಿನಾ? ಅಯ್ಯೋ ದೇವ್ರೇ. ಅದನ್ನ ಕೇಳ್ಕೊಂಡು ಯಾರಾದ್ರೂ ಬರ್ತಾರೆ ಅಂತ್ಲೇ ಇಟ್ಕೊಂಡಿದ್ದೆ ನೋಡಿ, ಬಂದ್ಬುಟ್ರಿ.” ಅಟ್ಟದ ಮೇಲಿನಿಂದ ಒಂದು ಸ್ವೀಟ್ ಡಬ್ಬ ಇಳಿಸಿದರು. ಒಳಗೆ ಕಾಗದದ ಚೀಲಗಳಲ್ಲಿ ಹನ್ನೊಂದು ಫ್ಲಾಪಿ ಇದ್ದವು. “ಯಾವ ಕಂಪ್ಯೂಟರ್ರು? ಎಲ್ಲಿ ಸಿಗ್ತು ನಿಮಗೆ?”

ಕಡಕೊಳದ ಬಣ್ಣದ ಕಾರ್ಖಾನೆಯದಂತೆ ಎಂದೆ.

ಅವರು ಡಬ್ಬದ ಮುಚ್ಚಳವನ್ನು ಮತ್ತೆ ಹಾಕಿದರು. ಫ್ಲಾಪಿ ನನ್ನ ಕೈಗೆ ಬರಲಿಲ್ಲ. ಪರದೆಯ ಬಲಗಡೆ, ಕೆಳಗೆ, ಸಿಗರೇಟಿನಿಂದ ಸುಟ್ಟ ಗುರುತು ಇದೆಯಾ ಎಂದು ಕೇಳಿದರು. ಇದೆ ಎಂದೆ. ರೈತರ ಅರ್ಜಿ ಮುಗಿಸಿ ಅವರನ್ನು ಕಳಿಸಿ, ಸ್ಟೂಲು ತೋರಿಸಿ, “ಕೂತ್ಕೊಳ್ಳಿ” ಎಂದರು.

ಮೂವತ್ತು ವರ್ಷಕ್ಕೂ ಹಿಂದೆ ಅವರು ಆ ಕಾರ್ಖಾನೆಯ ಆಫೀಸಿನಲ್ಲಿದ್ದರು. ಇಪ್ಪತ್ತೆರಡು ವಯಸ್ಸು, ಊರು ಅಲ್ಲೇ ಹತ್ತಿರದ ಹಳ್ಳಿ. ಕಂಪ್ಯೂಟರ್ ಬಂದ ವರ್ಷವೇ ಸೇರಿದ್ದು. ಯಾವ ಪಾಳಿಯಲ್ಲಿ ಯಾರು ಕೆಲಸಕ್ಕಿದ್ದಾರೆಂಬ ಪಟ್ಟಿಯನ್ನು ದಿನವೂ ಹಾಕುವುದು ಅವರ ಕೆಲಸ. ಆ ವರ್ಷದ ಆಯುಧಪೂಜೆಯ ದಿನ ಮಗ್ಗುಲಿನ ಶೆಡ್ಡಿನ ಯಂತ್ರಗಳಿಗೆಲ್ಲ ಪೂಜೆಯಾಗಿ, ಕೊನೆಗೆ ಕಂಪ್ಯೂಟರಿಗೂ ಆಯಿತು. ಕೀಬೋರ್ಡಿನ ಮೇಲೆ ನಿಂಬೆಹಣ್ಣು, ಪರದೆಯ ಮೇಲೆ ಸೇವಂತಿಗೆ, ಎಲ್ಲೆಡೆ ಕುಂಕುಮ, ಅಕ್ಷತೆ. ಪೂಜೆಯಾದ ಮೇಲೆ ಮರುದಿನ ವಿಜಯದಶಮಿಯ ಬೆಳಿಗ್ಗೆ ಪೂಜೆ ತೆಗೆಯುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮಾಲೀಕರು ಅದರಲ್ಲಿ ಬಹಳ ಕಟ್ಟುನಿಟ್ಟು. ಅದಕ್ಕಾಗಿ ಈಕೆ ಆ ಸಂಜೆಯ ಪಟ್ಟಿಯನ್ನು ಬೆಳಿಗ್ಗೆಯೇ ಹಾಕಿ ಮುಗಿಸಿದ್ದರು. ಸಂಜೆ ಪಾಳಿಗೆ ಇಬ್ಬರದೇ ಹೆಸರು. ಹಬ್ಬವಾದರೂ ಬಾಯ್ಲರನ್ನು ಪೂರ್ತಿ ಆರಿಸುತ್ತಿರಲಿಲ್ಲ, ಇಬ್ಬರು ಕಾಯಬೇಕಿತ್ತು.

“ಪೂಜೆ ಆಗಿ ಎಲ್ರೂ ಪುರಿ, ಕಡ್ಲೆ ತಿಂತಾ ಇದ್ರು. ಸೂಪರ್ವೈಸರ್ ಬಂದು, ಇಬ್ಬರಲ್ಲಿ ಒಬ್ಬ ಮಕ್ಕಳನ್ನ ಕರ್ಕೊಂಡು ದಸರಾ ಲೈಟಿಂಗ್ ನೋಡಕ್ಕೆ ಹೋಗ್ತಾನಂತೆ, ಅವನ ಬದಲು ಬೇರೆ ಒಬ್ಬ ನಿಲ್ತಾನೆ, ನಾಳೆ ಪೂಜೆ ತೆಗೆದ್ಮೇಲೆ ಹೆಸರು ಬದಲಾಯಿಸ್ಬುಡು ಅಂದ್ರು. ಸರಿ ಅಂದೆ. ಅನ್ನೋದೇನೋ ಅಂದೆ. ಆದ್ರೆ ನಂಗೆ ತಪ್ಪಿದ್ದ ಪಟ್ಟಿ ಹಂಗೇ ಬುಟ್ಟು ಮನೆಗೆ ಹೋಗಕ್ಕೆ ಆಗ್ತಿರ್ಲಿಲ್ಲ ಕಣಮ್ಮ. ಸ್ವಭಾವ.”

ಅವರು ಆಫೀಸಿನೊಳಗೆ ಹೋದರು. ನಿಂಬೆಹಣ್ಣನ್ನು ತೆಗೆದು ಪಕ್ಕಕ್ಕಿಟ್ಟರು. ಸ್ವಿಚ್ ಹಾಕಿ, ಪಟ್ಟಿ ತೆರೆದು, ಒಂದು ಹೆಸರು ತೆಗೆದು ಇನ್ನೊಂದು ಹಾಕಿದರು. ವರಾಂಡದಲ್ಲಿ ಹೆಜ್ಜೆ ಸದ್ದಾಯಿತು. ಯಂತ್ರವನ್ನು ಹಾಗೇ ಆರಿಸಿ, ನಿಂಬೆಹಣ್ಣನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದರು.

ಆ ಸಂಜೆ ಎಂಟು ಗಂಟೆಯ ಹೊತ್ತಿಗೆ ಬಾಯ್ಲರಿನ ಹಬೆ ಕೊಳವೆ ಒಡೆಯಿತು. ಬದಲಿಗೆ ನಿಂತಿದ್ದವರು ಆಸ್ಪತ್ರೆ ಮುಟ್ಟುವ ಮುಂಚೆಯೇ ತೀರಿಕೊಂಡರು.

ಮರುದಿನ ಆಫೀಸಿನವರು ಪಟ್ಟಿಯನ್ನು ಪ್ರಿಂಟ್ ತೆಗೆದರು. ಅದರಲ್ಲಿ ಸತ್ತವರ ಹೆಸರು ಇರಲಿಲ್ಲ. ಆತ ಕೆಲಸದ ಮೇಲಿರಲೇ ಇಲ್ಲ, ಹಬ್ಬದ ಸಂಜೆ ಕುಡಿದು ಬಂದು ಬಾಯ್ಲರ್ ಮನೆಯಲ್ಲಿ ಮಲಗಿದ್ದ ಎಂದು ಕಾರ್ಖಾನೆಯವರು ಹೇಳಿದರು. ತಾನು ಯಾರಿಗೂ ಏನೂ ಹೇಳಿಲ್ಲವೆಂದು ಸೂಪರ್ವೈಸರ್ ಹೇಳಿದ. ಪಟ್ಟಿಯಲ್ಲಿದ್ದ ಇಬ್ಬರೂ ಕೆಲಸ ಹೋಗುವ ಭಯಕ್ಕೆ ಬಾಯಿ ಬಿಡಲಿಲ್ಲ. ಆಮೇಲೆ ಎಲ್ಲರೆದುರು ಈ ಹುಡುಗಿಯನ್ನು ನಿಲ್ಲಿಸಿ ಕೇಳಿದರು: ಪೂಜೆ ಆದ ಮೇಲೆ ನೀನು ಕಂಪ್ಯೂಟರ್ ಮುಟ್ಟಿದೆಯಾ?

“ಇಲ್ಲ ಅಂದ್ಬುಟ್ಟೆ.”

ಅವರು ಜೆರಾಕ್ಸ್ ಯಂತ್ರದ ಮುಚ್ಚಳವನ್ನು ಸೀರೆಯ ಸೆರಗಿನಿಂದ ಒರೆಸುತ್ತಿದ್ದರು.

“ಆವತ್ತು ನಾನು ಹೊರಗಾಗಿದ್ದೆ. ಪೂಜೆ ಹೊತ್ತಲ್ಲಿ ವರಾಂಡದಲ್ಲಿ ನಿಂತಿದ್ದೆ, ಎಲ್ಲರಿಗೂ ಗೊತ್ತಿತ್ತು. ಮುಟ್ಟಿದೆ ಅಂದಿದ್ರೆ, ಇವಳು ಹೋಗಿ ಪೂಜೆ ಕೆಡಿಸಿದ್ದಕ್ಕೇ ಹಿಂಗಾಯ್ತು ಅಂತಿದ್ರು. ಪೈಪು ತುಕ್ಕು ಹಿಡಿದಿದ್ದು ಯಾರಿಗೂ ಕಾಣ್ತಿರ್ಲಿಲ್ಲ. ಇಲ್ಲ ಅಂದಿದ್ದಕ್ಕೆ ಸತ್ತವರು ಡ್ಯೂಟಿಲೇ ಇಲ್ದಂಗಾಯ್ತು. ಹೌದು ಅಂದಿದ್ರೆ ನಾನು ಕೊಂದಂಗೆ. ಹೇಳಿ, ಏನು ಹೇಳ್ಬೇಕಿತ್ತು?”

ಸತ್ತವರ ಹೆಂಡತಿ ಹದಿನೈದು ದಿನ ಬಿಟ್ಟು ಆಫೀಸಿಗೆ ಬಂದಿದ್ದರಂತೆ, ಕೈಯಲ್ಲಿ ಗಂಡನ ಊಟದ ಡಬ್ಬಿ ಹಿಡಿದು. ‘ಅವರು ಡ್ಯೂಟಿ ಮೇಲಿದ್ರಾ, ಇಲ್ವಾ, ಅಷ್ಟು ಹೇಳಿ ಸಾಕು’ ಎಂದು ಕೇಳಿದ್ದು ಇವರನ್ನೇ. ಪಟ್ಟಿಯಲ್ಲಿ ಇಲ್ಲ ಎಂದು ಇವರು ಹೇಳಿದರು. ಆ ಹಬ್ಬದ ನಂತರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಸದೆ ಪುಸ್ತಕದಲ್ಲೇ ಬರೆಸುತ್ತಿದ್ದರು, ಆರು ತಿಂಗಳಲ್ಲಿ ಕಾರ್ಖಾನೆ ಮುಚ್ಚಿತು. ಆ ಹೆಂಡತಿ ಈಗ ಇಲವಾಲದಲ್ಲಿ, ಬಸ್ ನಿಲ್ಲುವ ಕಡೆ ಹೂವು ಮಾರುತ್ತಾರೆ.

“ನಮ್ಮ ತಂಗಿ ಮನೆ ಹುಣಸೂರು. ಇಲವಾಲದ ಮೇಲೆ ಹೋಗ್ವಾಗ ನಾನು ಬಸ್ಸಲ್ಲಿ ಎಡಗಡೆ ಕಿಟಕಿ ಹತ್ರ ಕೂರಲ್ಲ” ಎಂದರು. ಸೆರಗು ಬಿಟ್ಟು ನನ್ನ ಕಡೆ ತಿರುಗಿದರು. “ನಾನು ಹೆಸರು ಹಾಕ್ದೆ. ಅದು ಗೊತ್ತು ನಂಗೆ. ಒಳಗೆ ಉಳೀತಾ ಇಲ್ವಾ ಅನ್ನೋದು ಗೊತ್ತಿಲ್ಲ. ಪ್ರಿಂಟ್ ತೆಗೆಯೋ ಮುಂಚೆ ಅವರೇ ಅಳಿಸಿದ್ರೋ, ನನ್ನ ಕೈಯಿಂದಲೇ ಹೋಯ್ತೋ. ಅಷ್ಟು ನೋಡಿ ಹೇಳ್ತೀರಾ? ದುಡ್ಡಿನ ಮಾತಲ್ಲ. ಅದೆಲ್ಲ ಆವತ್ತೇ ಮುಗೀತು. ಅವಳಿಗೆ ಹೋಗಿ ಒಂದು ಮಾತು ಹೇಳ್ಬೇಕು, ನಿನ್ನ ಗಂಡ ಡ್ಯೂಟಿ ಮೇಲಿದ್ದ ಅಂತ. ಬರೀ ಕೈಯಲ್ಲಿ ಹೋಗಕ್ಕಾಗಲ್ಲ.”

ಫ್ಲಾಪಿಗಳ ಡಬ್ಬ ಕೊಟ್ಟರು. ನೋಡುತ್ತೇನೆ ಮೇಡಂ ಎಂದೆ. “ಮೇಡಮ್ಮು ಗೀಡಮ್ಮು ಬೇಡ, ಅಕ್ಕ ಅನ್ನಿ” ಎಂದರು.

ಆ ದಿನದಿಂದ ಯಂತ್ರ ನನ್ನ ಹವ್ಯಾಸವಾಗಿ ಉಳಿಯಲಿಲ್ಲ. ಮುಟ್ಟದೆ ಬಿಟ್ಟಿದ್ದ ಹಾರ್ಡ್ ಡಿಸ್ಕ್ ಈಗ ಒಂದೇ ಮುಖ್ಯವಾದದ್ದು. ಅಷ್ಟು ವರ್ಷ ನಿಂತೇ ಇದ್ದ ಡಿಸ್ಕಿನೊಳಗೆ ಓದುವ ಮುಳ್ಳು ತಟ್ಟೆಗೆ ಅಂಟಿಕೊಂಡಿರುತ್ತದೆ. ಬಲವಂತ ಮಾಡಿದರೆ ತಟ್ಟೆಯ ಮೇಲ್ಪದರವೇ ಕಿತ್ತು ಬರಬಹುದು. ಅಂಥ ಡಿಸ್ಕ್ ಒಂದೇ ಸಲ ಓಡಿ ಮತ್ತೆಂದೂ ಓಡದಿರುವುದೂ ಉಂಟು. ನಾನು ಎರಡು ವಾರ ಅದನ್ನು ಮುಟ್ಟಲಿಲ್ಲ. ಬೇರೆಯವರು ಬರೆದದ್ದನ್ನು ಓದಿದೆ, ನೋಟ್‌ಬುಕ್ಕಿನಲ್ಲಿ ಹಂತಗಳನ್ನು ಬರೆದೆ, ಓಡಿದರೆ ಮೊದಲು ಏನನ್ನು ನಕಲು ಮಾಡಬೇಕೆಂದು ನಿರ್ಧರಿಸಿದೆ. ಅಕ್ಕನ ಹನ್ನೊಂದು ಫ್ಲಾಪಿಗಳಲ್ಲಿ ನಾಲ್ಕು ಬೂಷ್ಟು ಹಿಡಿದಿದ್ದವು. ಏಳು ಸರಿಯಿದ್ದವು.

ಆಷಾಢದ ಒಂದು ಶನಿವಾರ ಮಧ್ಯಾಹ್ನ ಡಿಸ್ಕನ್ನು ಹೊರತೆಗೆದು, ಎರಡು ಕೈಯಲ್ಲಿ ಹಿಡಿದು, ಸಣ್ಣದಾಗಿ, ಥಟ್ಟನೆ, ಬೀಗ ತಿರುಗಿಸಿದ ಹಾಗೆ ತಿರುಗಿಸಿದೆ. ಮೂರನೇ ಸಲಕ್ಕೆ ಒಳಗೆ ಏನೋ ಬಿಟ್ಟುಕೊಂಡದ್ದು ಅಂಗೈಗೆ ಗೊತ್ತಾಯಿತು. ತಂತಿ ಜೋಡಿಸಿ ಸ್ವಿಚ್ ಹಾಕಿದೆ. ಮಿಕ್ಸಿ ದೂರದಲ್ಲಿ ಓಡುತ್ತಿರುವಂಥ ಸದ್ದು ಮೆಲ್ಲಗೆ ಏರಿತು. ಪರದೆಯ ಮೇಲೆ ಇಂದಿನ ದಿನಾಂಕ ಏನೆಂದು ಕೇಳಿತು. ಈ ಯಂತ್ರದೊಳಗೆ ಗಡಿಯಾರ ಉಳಿಸುವ ಬ್ಯಾಟರಿ ಇಲ್ಲ. ಪ್ರತಿ ಸಲ ಆರಿದಾಗಲೂ ಅದು ದಿನವನ್ನು ಮರೆಯುತ್ತದೆ, ಹೊತ್ತಿಸಿದಾಗ ಕೇಳುತ್ತದೆ. ನಾವು ಏನು ಹೇಳುತ್ತೇವೋ ಅದನ್ನೇ ನಂಬುತ್ತದೆ. ಏನೂ ಹೇಳದೆ ಎಂಟರ್ ಒತ್ತಿದರೆ, ತನ್ನ ಎಣಿಕೆಯ ಮೊಟ್ಟಮೊದಲ ವರ್ಷದ ಜನವರಿ ಒಂದು ಎಂದು ಭಾವಿಸಿ ಕೆಲಸ ಶುರುಮಾಡುತ್ತದೆ.

ಪಟ್ಟಿಗಳ ಕಡತ ಸಿಕ್ಕಿತು. ಫ್ಲಾಪಿಗೆ ನಕಲು ಮಾಡಿದೆ. ಇನ್ನೊಂದು ಫ್ಲಾಪಿಗೆ ಮತ್ತೆ ಮಾಡಿದೆ. ತೆರೆದು ನೋಡಲಿಲ್ಲ. ಅದು ಅಕ್ಕ ನೋಡಬೇಕಾದದ್ದು ಅನ್ನಿಸಿತು. ಫೋನ್ ಮಾಡಿದೆ.

ಭಾನುವಾರ ಮಧ್ಯಾಹ್ನ ಬಂದರು. ಒಗೆದು ಇಸ್ತ್ರಿ ಮಾಡಿದ ಸೀರೆ. ಹೊರಗೆ ಚಪ್ಪಲಿ ಬಿಟ್ಟು, ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ಯಂತ್ರವನ್ನು ನೋಡಿದರು. ಅಮ್ಮ ಕಾಫಿ ತಂದರು. ನಾನು ಕುರ್ಚಿ ಬಿಟ್ಟುಕೊಟ್ಟೆ. ಹೇಗೆ ತೆರೆಯಬೇಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳುಗಳು ಟೈಪ್ ಮಾಡಲು ತೊಡಗಿದ್ದವು. ನಿಲ್ಲಲಿಲ್ಲ, ಹುಡುಕಲಿಲ್ಲ. ನಾನು ವಾರಗಟ್ಟಲೆ ಓದಿ ತಿಳಿದುಕೊಂಡಿದ್ದ ಆಜ್ಞೆಗಳು ಅವರ ಕೈಯಲ್ಲಿ ಹಾಗೇ ಇದ್ದವು.

“ಕೈಗೆ ಗೊತ್ತು, ನಂಗೆ ಗೊತ್ತಿಲ್ಲ” ಎಂದು ಅಮ್ಮನ ಕಡೆ ತಿರುಗಿ ನಕ್ಕರು.

ಪಟ್ಟಿ ತೆರೆಯಿತು. ಆಯುಧಪೂಜೆಯ ದಿನ, ಸಂಜೆ ಪಾಳಿ, ಬಾಯ್ಲರ್. ಎರಡು ಹೆಸರು. ಅಕ್ಕ ಪರದೆಗೆ ಹತ್ತಿರ ಬಾಗಿ ಓದಿದರು. ಬೆರಳಿಟ್ಟು ಓದಿದರು. ಎರಡನೆಯದು ದೀಪಾಲಂಕಾರ ನೋಡಲು ಹೋದವರ ಹೆಸರು. ಸತ್ತವರದಲ್ಲ.

“ಅಳಿಸಿದ್ದು ಕಾಣುತ್ತಾ?” ಎಂದು ಕೇಳಿದರು.

ಕಾಣುತ್ತದೆ. ಆ ಪ್ರೋಗ್ರಾಮಿನಲ್ಲಿ ಒಂದು ಸಾಲನ್ನು ಅಳಿಸಿದರೆ ಅದು ಕೂಡಲೇ ಹೋಗುವುದಿಲ್ಲ, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೆ. ಅಳಿಸಿದ ಸಾಲುಗಳನ್ನೂ ತೋರಿಸುವಂತೆ ಮಾಡಿದೆ. ಬೇರೆ ದಿನಗಳಲ್ಲಿ ಅಲ್ಲಲ್ಲಿ ನಕ್ಷತ್ರಗಳಿದ್ದವು. ಆ ದಿನ ಒಂದೂ ಇರಲಿಲ್ಲ.

“ಆವತ್ತು ಸಂಜೆ ಸ್ವಿಚ್ ಹಾಕಿದಾಗ ದಿನಾಂಕ ಕೇಳಿತಲ್ಲ, ಕೊಟ್ರಾ?” ಎಂದೆ.

“ಇಲ್ಲಮ್ಮ. ಎಲ್ಲಿತ್ತು ಹೊತ್ತು? ಎಂಟರ್ ಒತ್ತಿದೆ.”

ಕಡತ ಕೊನೆಯ ಸಲ ಉಳಿದದ್ದು ಯಾವಾಗ ಎಂದು ನೋಡಿದೆ. ಅವರ ಬದಲಾವಣೆ ಡಿಸ್ಕಿಗೆ ಇಳಿದಿದ್ದರೆ ಅಲ್ಲಿ ಜನವರಿ ಒಂದು ಎಂದಿರಬೇಕಿತ್ತು. ಇದ್ದದ್ದು ಆಯುಧಪೂಜೆಯ ದಿನದ ದಿನಾಂಕ, ಬೆಳಿಗ್ಗೆ ಹತ್ತೂಕಾಲು ಗಂಟೆ. ಪೂಜೆಗೆ ಮುಂಚೆ, ಅವರೇ ನಿಧಾನವಾಗಿ ಕೂತು ಹಾಕಿದ ಪಟ್ಟಿ. ಆಮೇಲೆ ಯಾರೂ ಅದನ್ನು ಬದಲಾಯಿಸಿಲ್ಲ. ಕಾರ್ಖಾನೆಯವರು ಪ್ರಿಂಟ್ ತೆಗೆದದ್ದು ಅದನ್ನೇ.

ನಾನು ಇದನ್ನು ಹೇಳಿದೆ. ಇನ್ನೂ ಮೆತ್ತಗೆ ಹೇಳಬಹುದಿತ್ತೇನೋ. ನನಗೆ ಬಂದದ್ದು ಹಾಗೆ. ಪ್ರೋಗ್ರಾಮನ್ನು ಸರಿಯಾಗಿ ಮುಚ್ಚದೆ ಸ್ವಿಚ್ ಆರಿಸಿದ್ದರಿಂದ, ಹಾಕಿದ ಹೆಸರು ಡಿಸ್ಕಿಗೆ ಹೋಗಿಲ್ಲ ಎಂದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕ್ವಿಟ್ ಕೊಡದೆ ಆಫ್ ಮಾಡ್ಬೇಡಿ ಅಂತ ಗೋಡೆ ಮೇಲೆ ಚೀಟಿ ಅಂಟಿಸಿದ್ದೆ. ನಾನೇ ಬರ್ದಿದ್ದು” ಎಂದರು.

ಅಮ್ಮ ಕಾಫಿ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದರು. ಅವರು ಕುಡಿಯಲಿಲ್ಲ. ದನಿ ಇಳಿಸಿ, ನನ್ನನ್ನು ನೋಡದೆ ಕೇಳಿದರು.

“ಈಗ ಹಾಕಬಹುದಲ್ವಾ?”

ನನಗೆ ಕೂಡಲೇ ಅರ್ಥವಾಯಿತು. ಅರ್ಥವಾಗದವಳಂತೆ ಪರದೆಯನ್ನೇ ನೋಡಿದೆ.

“ದಿನಾಂಕ ಕೇಳುತ್ತಲ್ಲ. ಆವತ್ತಿನದೇ ಕೊಡಣ. ನಾನೇ ಹಾಕ್ತೀನಿ ಹೆಸರು, ನೀವು ಏನೂ ಮಾಡ್ಬೇಡಿ. ಪ್ರಿಂಟ್ ತೆಗೆದು ಕೊಡಿ ಸಾಕು. ಸುಳ್ಳಲ್ಲ ಅದು. ನಾನು ಹಾಕಿದ್ದೇ ಅದು. ಇದಕ್ಕೆ ಗೊತ್ತಿಲ್ಲ ಅಷ್ಟೆ.”

ಅವರು ಹೇಳಿದ್ದು ಕಷ್ಟದ ಕೆಲಸವಲ್ಲ. ಎರಡು ನಿಮಿಷ ಸಾಕಿತ್ತು. ಯಂತ್ರ ನಂಬುತ್ತಿತ್ತು, ಇಲವಾಲದ ಹೆಂಗಸೂ ನಂಬುತ್ತಿದ್ದರು. ತಪ್ಪು ಹುಡುಕಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ, ಆ ಯಂತ್ರವೂ ನನ್ನದೇ. ಆದರೂ ನನ್ನಿಂದ ಆಗಲಿಲ್ಲ. ಹಾಗೆ ಮಾಡಿದರೆ, ಆ ಸಂಜೆ ಅವರು ನಿಜವಾಗಿ ಒಳಗೆ ಹೋಗಿ ನಿಂಬೆಹಣ್ಣು ಎತ್ತಿದ್ದೂ ನಾವು ಕೂತು ಕಟ್ಟಿದ ಕತೆಯಾಗಿಬಿಡುತ್ತದೆ ಎಂದು ನನಗೆ ಅನ್ನಿಸಿತು. ಇದನ್ನು ಹೇಳಬೇಕಿತ್ತು. ನಿಮ್ಮ ಮಾತನ್ನು ನಂಬುತ್ತೇನೆ ಅಕ್ಕ ಎಂದಾದರೂ ಹೇಳಬೇಕಿತ್ತು. ನಾನು ಹೇಳಿದ್ದು, “ಆಗಲ್ಲ” ಎಂಬ ಒಂದು ಮಾತು.

“ಆಗಲ್ವಾ, ಮಾಡಲ್ವಾ?”

“ಮಾಡಲ್ಲ.”

ಅವರು ತಲೆಯಾಡಿಸಿದರು. ಪ್ರೋಗ್ರಾಮನ್ನು ಮುಚ್ಚುವ ಆಜ್ಞೆಯನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡಿದರು. ಯಂತ್ರ ಪೂರ್ತಿ ಸುಮ್ಮನಾಗುವವರೆಗೆ ಕಾದು, ಆಮೇಲೆ ಸ್ವಿಚ್ ಆರಿಸಿದರು. ಎದ್ದು ನಿಂತು, “ಕಂಪ್ಯೂಟರ್ ಚೆನ್ನಾಗಿ ಇಟ್ಕೊಂಡಿದ್ದೀರ” ಎಂದರು. ಚಪ್ಪಲಿ ಹಾಕಿಕೊಂಡು ಗೇಟು ದಾಟುವಾಗ ತಿರುಗಿ ನೋಡಲಿಲ್ಲ.

ಅಮ್ಮ ತಣ್ಣಗಾದ ಕಾಫಿಯನ್ನು ಸಿಂಕಿಗೆ ಚೆಲ್ಲಿದರು. “ಒಂದು ಹೆಸರು ಹಾಕಿಕೊಟ್ಟಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಅದು ಅಲ್ಲಿ ಇಲ್ಲಮ್ಮ.”

“ಆ ಮನುಷ್ಯನೂ ಇಲ್ಲ. ಸುಳ್ಳು ಹೇಳಿದ ಕಾರ್ಖಾನೆನೂ ಇಲ್ಲ. ಉಳಿದಿರೋದು ಇವರಿಬ್ಬರು ಹೆಂಗಸರು. ಅವರಿಗೆ ನಿನ್ನ ಲೆಕ್ಕ ಯಾಕೆ ಬೇಕು?”

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಾತ್ರೆ ಡಬ್ಬಿ ಮೇಜಿನ ಮೇಲಿತ್ತು. ಆ ಕಂಪ್ಯೂಟರ್ ಕಂಡದ್ದು ಒಂದೇ ಆಯುಧಪೂಜೆ. ಆದ್ದರಿಂದ ಅಕ್ಷತೆ ಆ ದಿನದ್ದೇ. ಕೀಬೋರ್ಡಿನ ಮೇಲೆ ಅಕ್ಷತೆ ಬಿದ್ದಿರುವಾಗಲೇ ಯಾರೋ ಎಂಟರ್ ಒತ್ತಿದ್ದಾರೆ, ಒಂದು ಕಾಳು ಮುರಿಯುವಷ್ಟು ಜೋರಾಗಿ. ಅದು ಆ ಸಂಜೆ ಹೆಜ್ಜೆ ಸದ್ದು ಕೇಳಿದ ಹುಡುಗಿ ಇರಬಹುದು. ಮರುದಿನ ಪ್ರಿಂಟ್ ತೆಗೆದವರೂ ಇರಬಹುದು. ಇದರಿಂದ ಏನೂ ಸಾಬೀತಾಗುವುದಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸಣ್ಣ ಸದ್ದು ಬಂತು. ನಾನು ಕೆಲಸದಲ್ಲಿ ಎಷ್ಟೋ ಜನರ ಕೋಷ್ಟಕಗಳಿಗೆ ‘ಆಧಾರವಿಲ್ಲ’ ಎಂದು ಬರೆದು ವಾಪಸ್ ಕಳಿಸಿದ್ದೇನೆ. ಆಧಾರವಿಲ್ಲ ಎಂದರೆ ನಡೆದಿಲ್ಲ ಎಂದಲ್ಲ ಎಂಬುದನ್ನು ಒಮ್ಮೆಯೂ ಜೊತೆಗೆ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಯಂತ್ರ ಹೊತ್ತಿಸಿದೆ. ಡಿಸ್ಕ್ ಎರಡು ಸಲ ಕೆಮ್ಮಿದಂತೆ ಮಾಡಿ ತಿರುಗಿತು. ದಿನಾಂಕ ಕೇಳಿತು. ಇಂದಿನ ದಿನಾಂಕವನ್ನೇ ಕೊಟ್ಟೆ. ಪಟ್ಟಿ ತೆರೆದು ಎರಡು ಹೆಸರುಗಳನ್ನೂ ಹತ್ತೂಕಾಲು ಗಂಟೆ ಎಂಬುದನ್ನೂ ಕಾಗದದ ಮೇಲೆ ಬರೆದುಕೊಂಡು, ಸರಿಯಾಗಿ ಮುಚ್ಚಿ ಆರಿಸಿದೆ. ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಆದ್ದರಿಂದ ಉ‍ಳಿದದ್ದನ್ನು ಕೈಯಲ್ಲೇ ಬರೆದೆ. ಪೂರ್ತಿ ಒಂದು ಪುಟ. ಮೂರು ಸಲ ಹರಿದು ಹಾಕಿ ನಾಲ್ಕನೆಯದನ್ನು ಇಟ್ಟುಕೊಂಡೆ. ಆಫೀಸಿಗೆ ತಡವಾಗುತ್ತದೆಂದು ಸಂದೇಶ ಕಳಿಸಿದೆ.

ಅಕ್ಕ ಆಗಷ್ಟೇ ಶಟರ್ ಎತ್ತಿ, ಹೊಸಿಲಿಗೆ ನೀರು ಹಾಕಿ ರಂಗೋಲಿಯ ಒಂದು ಗೆರೆ ಎಳೆದಿದ್ದರು. ನನ್ನನ್ನು ನೋಡಿದರು. ಇನ್ನೊಂದು ಗೆರೆ ಎಳೆದು, ಕೈ ಒರೆಸಿಕೊಂಡು ಒಳಗೆ ಹೋಗಿ ಕೂತರು. ಕಾಗದ ಚಾಚಿದೆ. ತೆಗೆದುಕೊಳ್ಳಲಿಲ್ಲ.

“ಏನು?”

“ಇಲವಾಲಕ್ಕೆ” ಎಂದೆ.

ಅವರು ಕಾಗದವನ್ನು ದೂರದಿಂದಲೇ ನೋಡಿದರು. ನನ್ನ ಬರಹ ಸಣ್ಣದು. “ಇದನ್ನ ಅವಳು ಹೆಂಗೆ ಓದ್ತಾಳೆ?” ಎಂದು ಕಂಪ್ಯೂಟರ್ ಹಾಕಿದರು. ಅಕ್ಷರವನ್ನು ದೊಡ್ಡದು ಮಾಡಿದರು, ಇನ್ನೂ ಒಂದು ಸಲ ದೊಡ್ಡದು ಮಾಡಿದರು. ಆಮೇಲೆ ಸ್ಟೂಲಿನ ಕಡೆ ಕೈ ತೋರಿಸಿದರು.

ನಾನು ಕೂತು ಓದಿದೆ. ಕಾರ್ಖಾನೆಯ ಕಂಪ್ಯೂಟರ್ ನನ್ನ ಬಳಿ ಇದೆ ಎಂದು. ಅದರಲ್ಲಿ ಆ ದಿನದ ಪಟ್ಟಿ ಇದೆ, ನಿಮ್ಮ ಯಜಮಾನರ ಹೆಸರು ಅದರಲ್ಲಿ ಇಲ್ಲ ಎಂದು.

“ಮುಂದೆ.”

ಆ ಪಟ್ಟಿ ಹಾಕಿದ್ದು ಪೂಜೆಗೆ ಮುಂಚೆ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ. ನಿಮ್ಮ ಯಜಮಾನರನ್ನು ಬದಲಿಗೆ ನಿಲ್ಲಿಸಿದ್ದು ಸಂಜೆ. ಆದ್ದರಿಂದ ಆ ಪಟ್ಟಿಯಲ್ಲಿ ಅವರ ಹೆಸರು ಇರಲು ಸಾಧ್ಯವೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ಅವರು ಕೆಲಸದ ಮೇಲಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಬೆರಳುಗಳು ಒಂದೇ ವೇಗದಲ್ಲಿ ಓಡುತ್ತಿದ್ದವು. “ಮುಂದೆ.”

ಪಟ್ಟಿ ಹಾಕುತ್ತಿದ್ದವರು ಆ ಸಂಜೆ, ತಾವು ಹೊರಗಾಗಿದ್ದರೂ, ಪೂಜೆ ಮಾಡಿದ ಯಂತ್ರದ ಮೇಲಿನ ನಿಂಬೆಹಣ್ಣು ತೆಗೆದಿಟ್ಟು ನಿಮ್ಮ ಯಜಮಾನರ ಹೆಸರು ಹಾಕಿದರು. ಕೇಳಿದಾಗ ಹೆದರಿ ಇಲ್ಲವೆಂದರು.

ಬೆರಳು ನಿಂತವು. ಹಿಂದೆ ಯಾರೋ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದು ಬಂದು ನಿಂತಿದ್ದರು. ಅಕ್ಕ ಅವರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕೀಬೋರ್ಡಿನ ಮೇಲೆ ಎರಡೂ ಕೈ ಹಾಗೇ ಇದ್ದವು. ನಾನು ಕಾಗದ ಹಿಡಿದು ಕಾದೆ. ಈ ಸಾಲು ಬೇಡವೆಂದರೆ ಹೊಡೆದು ಹಾಕುವುದೆಂದು ಬರುವಾಗಲೇ ಅಂದುಕೊಂಡಿದ್ದೆ, ಪೆನ್ನೂ ತಂದಿದ್ದೆ.

“ಇನ್ನೊಂದು ಸಲ ಓದಿ” ಎಂದರು.

ಇನ್ನೊಂದು ಸಲ ಓದಿದೆ, ಮೊದಲಿಗಿಂತ ನಿಧಾನವಾಗಿ. ಅವರು ಟೈಪ್ ಮಾಡಿದರು.

“ಮುಂದೆ.”

ಮುಂದಿನ ಸಾಲು ಓದಿದೆ.